ಪೊನ್ನುತಾಯಿ ಕೇಳಿದ ಹಾಡುಗಳು

ಪೊನ್ನುತಾಯಿಗೆ ಎಪ್ಪತ್ತೆರಡು ತುಂಬಿದ್ದರೂ ಅವಳ ಕುತೂಹಲಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ತಮಿಳುನಾಡಿನ ಆ ಓಡೈಪಟ್ಟಿಯಲ್ಲಿ ಯಾರ ಮನೆಗೆ ಹೊಸ ಮಿಕ್ಸಿ ಬಂತು, ಯಾರ ಹಸು ಯಾಕೆ ಮೇವು ಬಿಟ್ಟಿತು, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು ಎನ್ನುವುದೆಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅಂಥವಳಿಗೆ ಸ್ವಂತ ಮೊಮ್ಮಗಳ ಸಂಗತಿ ಊರಿಗೆಲ್ಲ ಗೊತ್ತಾದ ಮೇಲೆ ಗೊತ್ತಾಗಿದ್ದು ದೊಡ್ಡ ಅವಮಾನವೆನಿಸಿತು.

ಆಷಾಢದ ಗಾಳಿ ಬೀಸುವ ಆಡಿ ತಿಂಗಳ ಮೊದಲ ವಾರ. ಮಗ ಕಾರ್ತಿಕೇಯನ್ ದ್ರಾಕ್ಷಿ ಚಪ್ಪರದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಉತ್ತಮಪಾಳಯಂನ ಕಾಲೇಜಿಗೆ ಹೋಗಿದ್ದ. ಬಂದವನೇ ಮಗಳ ಇಯರ್‌ಫೋನ್ ಕಿತ್ತುಕೊಂಡು ಅಕ್ಕಿಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದ. ಮಗಳು ತೇನ್‌ಮೊಳಿ ಬಿ.ಎಸ್ಸಿ. ಎರಡನೇ ವರ್ಷದವಳು. ಅವಳು ಗೋಡೆಗೆ ಒರಗಿ ನಿಂತು ತುಟಿ ಕಚ್ಚಿಕೊಂಡಿದ್ದಳು. ಸೊಸೆ ಪಾಂಡೀಶ್ವರಿ ಬಡಿಸಿಟ್ಟ ರಾಗಿಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು.

“ಏನಾತು, ಯಾರಾದ್ರೂ ಬಾಯ್ಬಿಟ್ಟು ಏಳಿ,” ಎಂದಳು ಪೊನ್ನುತಾಯಿ.

ಆದದ್ದು ಇಷ್ಟು. ತೇನ್‌ಮೊಳಿ ಕಪ್ಪಗಿದ್ದಳು, ತಾಯಿಯ ಬಣ್ಣವೇ ಅವಳಿಗೆ ಬಂದಿತ್ತು. ಕಾಲೇಜಿನ ಕ್ಯಾಂಟೀನಿನಲ್ಲಿ ಮಣಿಮೇಗಲೈ ಎನ್ನುವ ಸಹಪಾಠಿ ಹತ್ತು ಜನರ ಮುಂದೆ ಅವಳನ್ನು ಕರೀಮಡಕೆ ಎಂದು ಕರೆದು ನಕ್ಕಿದ್ದಳು. ಮಾರನೇ ದಿನ ತೇನ್‌ಮೊಳಿ ತಾನೇ ತಮಿಳಿನಲ್ಲಿ ಕಟ್ಟಿದ ಒಂದು ರ‍್ಯಾಪ್ ಹಾಡನ್ನು ಫೋನಿನಿಂದ ಇಂಟರ್ನೆಟ್ಟಿಗೆ ಹಾಕಿದಳು. ಕರಿಯಳು ಎಂದ ನಾಲಿಗೆಯನ್ನು ಕೊಯ್ದು ಬೇಲಿಗೆ ಒಣಹಾಕುತ್ತೇನೆ ಎಂದು ಅದರಲ್ಲಿತ್ತು. ಒಂದು ವಾರದಲ್ಲಿ ಸಾವಿರಾರು ಜನ ಕೇಳಿದರು. ಮಣಿಮೇಗಲೈಯ ತಾಯಿ ಪ್ರಿನ್ಸಿಪಾಲರ ಮುಂದೆ ಕೂತು ಅತ್ತಳು. ಈ ನಡುವೆ ಅದೇ ಹಾಡು ಕೇಳಿ ಮೆಚ್ಚಿದ ಅದೇ ಕಾಲೇಜಿನ ಒಬ್ಬ ಮೇಡಂ, ದಿಂಡುಕ್ಕಲ್ಲಿನಲ್ಲಿ ನಡೆಯುವ ಅಂತರ ಕಾಲೇಜು ಸ್ಪರ್ಧೆಗೆ ತೇನ್‌ಮೊಳಿಯ ಹೆಸರನ್ನೇ ಬರೆದುಕೊಂಡಿದ್ದಳು. ಕಾಲೇಜಿನವರು ಜಾಣರು. ಅಪ್ಪ ಸಹಿ ಹಾಕಿದ ಒಪ್ಪಿಗೆ ಕಾಗದ ಬಂದರೆ ಕಳಿಸುತ್ತೇವೆ, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಎಲ್ಲ ಹೊರೆಯನ್ನೂ ಕಾರ್ತಿಕೇಯನ್ ತಲೆಗೆ ಕಟ್ಟಿ ಕಳಿಸಿದ್ದರು.

“ಅಮೇರಿಕದ ಕರಿ ಉಡುಗ್ರು ಆಡೋ ಪಾಟು ಕೇಳಿ ಕೇಳಿ ಇಂಗಾದ್ಲು,” ಎಂದ ಕಾರ್ತಿಕೇಯನ್. “ಬರೀ ಸುಡ್ತೀನಿ, ಕೊಲ್ತೀನಿ. ಪ್ರಿನ್ಸಿಪಾಲ್ ಕೇಳ್ಸಿದ್ರು. ನಂಗೆ ಬೆವರೇ ಬಂತು.”

ತೇನ್‌ಮೊಳಿ ತಮಿಳಿನಲ್ಲಿ ಉತ್ತರ ಕೊಟ್ಟಳು. ಹಾಡಿಗೆ ಪಾಟು, ಹೇಳಿಗೆ ಏಳಿ ಎನ್ನುವ, ತಲೆಮಾರುಗಳಿಂದ ಉಳಿದು ಬಂದ ಮನೆಯ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಆದರೆ ಸಿಟ್ಟು ಬಂದಾಗ ಬಾಯಿಗೆ ಬರುತ್ತಿರಲಿಲ್ಲ. ಆ ಹಾಡುಗಳು ಬರುವ ಮೊದಲೂ ಮಣಿಮೇಗಲೈಗೆ ಬಾಯಿ ಇತ್ತಲ್ಲ, ಅವಳನ್ನು ಯಾರೂ ಕೇಳಲಿಲ್ಲವಲ್ಲ ಎಂದಳು. ಉತ್ತರವಿಲ್ಲದ ಗಂಡಸರು ಮಾಡುವಂತೆ ಕಾರ್ತಿಕೇಯನ್ ಧ್ವನಿ ಏರಿಸಿದ.

ಪೊನ್ನುತಾಯಿಗೆ ಸೋಜಿಗವಾದದ್ದು ಮಗನ ಕೂಗಾಟವಲ್ಲ. ಪಾಂಡೀಶ್ವರಿ ಈ ಮನೆಗೆ ಬಂದು ಇಪ್ಪತ್ತೊಂದು ವರ್ಷವಾಗಿತ್ತು. ಇಬ್ಬರು ಜಗಳವಾಡುವ ಕಡೆ ಅವಳು ಮೂರನೆಯವಳಾಗಿ ಬಾಯಿ ಹಾಕಿದ್ದಿಲ್ಲ. ಅವತ್ತು ಅವಳು ಸೌಟನ್ನು ಪಾತ್ರೆಗೆ ಬಿಟ್ಟು, “ಈ ಮನೇಲಿ ಪಾಟೇ ಬ್ಯಾಡ. ಯಾವ ಪಾಟೂ ಬ್ಯಾಡ,” ಎಂದಳು. ಎಂದವಳೇ ಹೋಗಿ, ಮೂಲೆಯಲ್ಲಿ ತನ್ನ ಪಾಡಿಗೆ ಮುರುಗನ ಭಕ್ತಿಗೀತೆ ಹಾಡುತ್ತಿದ್ದ ರೇಡಿಯೋವನ್ನೂ ಆರಿಸಿದಳು. ಮುರುಗನೇನು ಮಾಡಿದ್ದ ಪಾಪ ಎಂದು ಪೊನ್ನುತಾಯಿ ಮನಸ್ಸಿನಲ್ಲೇ ಅಂದುಕೊಂಡಳು.

ಮೂರು ದಿನ ತೇನ್‌ಮೊಳಿ ಮನೆಯಲ್ಲಿ ಊಟ ಮಾಡಲಿಲ್ಲ. ಹೊರಗೆ ಬಸ್ ಸ್ಟಾಂಡಿನಲ್ಲಿ ಬಜ್ಜಿ ತಿನ್ನುತ್ತಾಳೆ ಎನ್ನುವ ಸುದ್ದಿ ಪೊನ್ನುತಾಯಿಗೆ ತಲುಪಿತ್ತು, ಆದರೆ ಅದನ್ನು ಅವಳು ತನ್ನಲ್ಲೇ ಇಟ್ಟುಕೊಂಡಳು. ನಾಲ್ಕನೇ ದಿನ ಕಾರ್ತಿಕೇಯನ್ ಸೋತ. ಅವನು ಹಾಡಿನ ವಿಷಯದಲ್ಲಿ ನಂಬುತ್ತಿದ್ದದ್ದು ಒಬ್ಬಳನ್ನೇ, ಹೆತ್ತ ತಾಯಿಯನ್ನು. ಪೊನ್ನುತಾಯಿ ಒಂದು ಕಾಲದಲ್ಲಿ ಓಡೈಪಟ್ಟಿಯಿಂದ ಕೊಂಬೈವರೆಗೆ ಹೆಸರಾದ ಮದುವೆಹಾಡಿನವಳು. ಬೀಗರನ್ನು ಬಯ್ಯುವ ಹಾಡಿಗಂತೂ ಅವಳ ಮುಂದೆ ಕೂರುವವರೇ ಇರಲಿಲ್ಲ. ಅವ್ವ ಈ ಪಾಟುಗಳನ್ನು ಕೇಳಲಿ, ಕೆಟ್ಟದ್ದಲ್ಲ ಅಂದರೆ ಸಹಿ ಹಾಕುತ್ತೇನೆ, ಕೆಟ್ಟದ್ದು ಅಂದರೆ ಫೋನೂ ಅಕ್ಕಿಡಬ್ಬಕ್ಕೆ ಎಂದ. ಕಾಗದ ಕೊಡಲು ಇನ್ನೂ ಮೂರು ವಾರವಿತ್ತು.

ಪೊನ್ನುತಾಯಿಗೆ ಒಳಗೊಳಗೇ ಖುಷಿ. ಗಂಡ ಚಿನ್ನಸಾಮಿ ತೀರಿಕೊಂಡ ಮೇಲೆ ಯಾರೂ ಅವಳಿಗೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರಲಿಲ್ಲ.

ಮಾರನೇ ಬೆಳಗಿನಿಂದ ಕಾಲೇಜಿನ ಬಸ್ಸು ಬರುವವರೆಗೆ ಅಜ್ಜಿ ಮೊಮ್ಮಗಳು ಚಪ್ಪರದ ಕೆಳಗೆ ಕೂರತೊಡಗಿದರು. ಪೊನ್ನುತಾಯಿ ಸಣ್ಣ ಕತ್ತರಿ ಹಿಡಿದು ಗೊಂಚಲಿನ ಒತ್ತು ಕಾಯಿಗಳನ್ನು ಕತ್ತರಿಸಿ ಬೀಳಿಸುತ್ತಿದ್ದಳು; ಒತ್ತಾಗಿ ಬಿಟ್ಟರೆ ಒಂದೂ ದಪ್ಪವಾಗುವುದಿಲ್ಲ. ಇಯರ್‌ಫೋನಿನ ಒಂದು ತುದಿ, ಅಕ್ಕಿಡಬ್ಬದಿಂದ ಹೊರಬಂದದ್ದು, ಅವಳ ಕಿವಿಯಲ್ಲಿ, ಇನ್ನೊಂದು ತೇನ್‌ಮೊಳಿಯ ಕಿವಿಯಲ್ಲಿ. ಬೆಟ್ಟದ ಕಡೆಯಿಂದ ಆಡಿಯ ಗಾಳಿ ಎಲೆಗಳನ್ನು ಅಲ್ಲಾಡಿಸುತ್ತಿತ್ತು. ತೇನ್‌ಮೊಳಿ ತನ್ನ ‘ಅಪ್ಪತ್ತಾ’ಗೆ ಸಾಲು ಸಾಲಾಗಿ ಅರ್ಥ ಹೇಳುತ್ತಾ ಹೋದಳು.

ಮೊದಲ ದಿನ ಪೊನ್ನುತಾಯಿಗೆ ತಮಟೆಯೊಂದೇ ಕೇಳಿಸಿತು. ಎರಡನೇ ದಿನ ಹಾಡುವವನಿಗೆ ಉಸಿರು ಎಲ್ಲಿ ಸಿಗುತ್ತದೆ ಎಂದು ಹುಡುಕಿದಳು. ಒಂದೇ ಉಸಿರಿಗೆ ಹದಿನಾಲ್ಕು ಬಯ್ಗುಳ ಸೇರಿಸಿದವನನ್ನು, “ಕೈಕಾರ ಕಣೇ ಇವ್ನು, ಬಲೇ ಕಸುಬುದಾರ,” ಎಂದು ಹೊಗಳಿದಳು. ಮೂರನೇ ದಿನದಿಂದ ಪ್ರಶ್ನೆ ಶುರುವಾಯಿತು.

“ಇವ್ನು ಯಾರ್ನ ಸುಡ್ತೀನಿ ಅಂತಾನೆ?”

“ಎದುರ್ ಬೀದಿಯವ್ನ.”

“ಅವ್ನು ಬೆಳ್ಳಗಿರೋನಾ?”

“ಇಲ್ಲ ಅಪ್ಪತ್ತಾ, ಅವ್ನೂ ಕರಿಯವ್ನೇ.”

“ತನ್ನೋರ್ನೇ ಯಾಕೆ ಸುಡ್ತಾನೆ?”

ತೇನ್‌ಮೊಳಿ ಕಾಲೇಜಿನಲ್ಲಿ ಹುಡುಕಿ ಓದಿ ಮಾರನೇ ದಿನ ಉತ್ತರ ತಂದಳು. ಅವರ ಮುತ್ತಜ್ಜಂದಿರನ್ನು ಹಡಗಿನಲ್ಲಿ ತಂದು ಮಾರಿದ್ದು, ಹತ್ತಿಹೊಲದಲ್ಲಿ ದುಡಿಸಿದ್ದು, ಬಿಡುಗಡೆಯಾದ ಮೇಲೂ ಬೇರೆ ಬೀದಿಯಲ್ಲೇ ಇರಿಸಿದ್ದು, ಈಗಲೂ ಆ ಬೀದಿಗಳಿಗೆ ಕೆಲಸಕ್ಕಿಂತ ಮೊದಲು ಪೊಲೀಸರು ಬರುವುದು, ಎಲ್ಲ ಹೇಳಿದಳು. ಪೊನ್ನುತಾಯಿ ಕತ್ತರಿ ನಿಲ್ಲಿಸಿ ಕೇಳಿದಳು. ಊರ ಹೊರಗಿನ ಬೀದಿ ಎಂದರೇನು ಎಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆ ಬೀದಿಯ ಹೆಂಗಸರೇ ಅವಳ ಚಪ್ಪರಕ್ಕೆ ಕೂಲಿಗೆ ಬರುತ್ತಿದ್ದರು, ಅವರಿಗೆ ನೀರಿನ ಲೋಟ ಬೇರೆ ಇತ್ತು. ಆ ಲೋಟದ ನೆನಪು ಯಾಕೆ ಬಂತೋ, ಅವಳಿಗೆ ಸರಿಬರಲಿಲ್ಲ. ಬೇಗ ಬೇರೆ ಪ್ರಶ್ನೆ ಕೇಳಿದಳು.

“ಈ ಪಾಟಿಗೆ ಅವ್ರ ಅವ್ವಂದಿರು ಏನಂತಾರೆ?”

ಇದನ್ನು ಮೊಮ್ಮಗಳು ಯೋಚಿಸಿಯೇ ಇರಲಿಲ್ಲ. ಅದಕ್ಕೂ ಉತ್ತರ ಬಂತು, ಆದರೆ ಒಂದಲ್ಲ. ಈ ಹಾಡು ಕೇಳಿ ನಮ್ಮ ಮಕ್ಕಳು ತಾವು ಕೊಲೆಗಡುಕರಾಗಲೆಂದೇ ಹುಟ್ಟಿದವರು ಅಂದುಕೊಳ್ಳುತ್ತಾರೆ, ನಿಲ್ಲಿಸಿ ಎಂದು ಕೆಲವು ತಾಯಂದಿರು ಬೀದಿಗಿಳಿದಿದ್ದರಂತೆ. ಕೊಲೆ ಆಗುತ್ತಿರುವುದು ಬೀದಿಯಲ್ಲಿ, ಹಾಡಿನಲ್ಲಲ್ಲ, ಕಂಡದ್ದನ್ನು ಹೇಳಿದವನ ಬಾಯಿ ಯಾಕೆ ಹೊಲಿಯುತ್ತೀರಿ ಎಂದು ಇನ್ನು ಕೆಲವರು ಕೇಳಿದರಂತೆ. ದೊಡ್ಡ ದೊಡ್ಡ ಓದಿದವರೂ ಮೂವತ್ತು ನಲವತ್ತು ವರ್ಷದಿಂದ ಇದನ್ನೇ ಜಗ್ಗಾಡುತ್ತಿದ್ದಾರೆ, ಮುಗಿದಿಲ್ಲ ಎಂದಳು ತೇನ್‌ಮೊಳಿ. ನಲವತ್ತು ವರ್ಷದಲ್ಲಿ ಮುಗಿಯದ್ದನ್ನು ನಿಮ್ಮಪ್ಪ ನನಗೆ ಮೂರು ವಾರ ಕೊಟ್ಟಿದ್ದಾನೆ ಎಂದು ಪೊನ್ನುತಾಯಿ ನಕ್ಕಳು.

“ನಿಂಗೆ ಎಂಗಾಯ್ತದೆ ಕೇಳಿದ್ರೆ? ಸುಳ್ಳು ಏಳ್ಬ್ಯಾಡ.”

“ಬೆನ್ನು ನೆಟ್ಗಾಯ್ತದೆ.”

“ಯಾರ್ನಾದ್ರೂ ಒಡೀಬೇಕು ಅನ್ನಿಸ್ತದಾ?”

ತೇನ್‌ಮೊಳಿ ಕೆಳಗೆ ಬಿದ್ದ ಕಾಯೊಂದನ್ನು ಹಿಸುಕುತ್ತಾ, “ಒಂದೊಂದ್ ಸಲ,” ಎಂದಳು. ಅಪ್ಪನಿಗೆ ಹೇಳಬೇಡ ಎಂದೂ ಸೇರಿಸಿದಳು. ಪೊನ್ನುತಾಯಿಗೆ ಅವಳ ಮೇಲೆ ಪ್ರೀತಿ ಉಕ್ಕಿತು. ನಿಜ ಹೇಳುವ ಹುಡುಗಿ.

ಇನ್ನೊಂದು ಸಂಗತಿಯನ್ನೂ ಮುದುಕಿ ಗಮನಿಸಿದಳು. ಗುಂಡು ಹಾರಿಸುವ ಹಾಡಿಗೆ ತಲೆ ಕುಣಿಸುವ ಮೊಮ್ಮಗಳು ಒಂದು ಹಾಡು ಬಂದಾಗ ಮಾತ್ರ ಬೆರಳಾಡಿಸಿ ಮುಂದಕ್ಕೆ ತಳ್ಳುತ್ತಿದ್ದಳು. ಅದರಲ್ಲಿ ಬಂದೂಕೂ ಇರಲಿಲ್ಲ, ಚಾಕುವೂ ಇರಲಿಲ್ಲ. ನಾಲ್ಕು ದಿನ ಪೀಡಿಸಿದ ಮೇಲೆ ತೇನ್‌ಮೊಳಿ ಅರ್ಥ ಹೇಳಿದಳು: ಆ ಕರಿ ಹಾಡುಗಾರ ತನಗೆ ಬೆಳ್ಳಗಿನ ಹುಡುಗಿಯರೇ ಬೇಕು, ಕರಿಯರು ಹಿಂದೆ ನಿಲ್ಲಲಿ ಎಂದು ಹಾಡುತ್ತಿದ್ದ. ಹೇಳುವಾಗ ಅವಳು ಅಜ್ಜಿಯ ಮುಖ ನೋಡಲಿಲ್ಲ.

ಪೊನ್ನುತಾಯಿ ಆ ಹೊತ್ತಿಗೆ ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಅವಳ ತಲೆಯೊಳಗೆ ಬೇರೆಯೇ ಹೆಮ್ಮೆ ಹೊಕ್ಕಿತ್ತು. ಇದೆಲ್ಲ ನಾವು ಮಾಡಿದ್ದೇ ಅಲ್ಲವೇ! ಮದುವೆ ಚಪ್ಪರದಲ್ಲಿ ಗಂಡಿನ ಕಡೆಯವರು ಒಂದು ಸಾಲು, ಹೆಣ್ಣಿನ ಕಡೆಯವರು ಒಂದು ಸಾಲು ಕೂತು, ಬೀಗರ ಮೂಗು, ಹಲ್ಲು, ಮನೆತನ, ಮಾನ ಎಲ್ಲವನ್ನೂ ಎಳೆದು ಹಾಡುತ್ತಿದ್ದದ್ದು, ಎದುರಿನವರು ಅದಕ್ಕೆ ಎರಡರಷ್ಟು ಎದುರುಪಾಟು ಕೊಡುತ್ತಿದ್ದದ್ದು, ಕೊನೆಗೆ ಒಂದೇ ಪಂಕ್ತಿಯಲ್ಲಿ ಕೂತು ಪಾಯಸ ಕುಡಿಯುತ್ತಿದ್ದದ್ದು. ಅವಳು ಹಾಡಿ ತೋರಿಸಿದಳು. ತೇನ್‌ಮೊಳಿ ಬಿದ್ದು ಬಿದ್ದು ನಕ್ಕು ಫೋನಿನಲ್ಲಿ ಹಿಡಿದುಕೊಂಡಳು. ಅಪ್ಪತ್ತಾ, ನೀನೇ ರ‍್ಯಾಪರ್ ಎಂದಳು.

“ನಿಮ್ಮವ್ವನ ಕಲ್ಯಾಣದಾಗೆ ಆಡಿದ್ದೇ ಎಲ್ಲಕ್ಕಿಂತ ಜೋರು. ಚಪ್ಪರ ಬಿದ್ದೋಗಂಗೆ ನಕ್ರು,” ಎಂದಳು ಪೊನ್ನುತಾಯಿ. ಆದರೆ ಬಾಯಿಗೆ ಬಂದದ್ದು ಎರಡೇ ಸಾಲು. ಮುಂದಿನದು ಎಷ್ಟು ತಡಕಿದರೂ ಸಿಗಲಿಲ್ಲ.

ಸಿಗದಿದ್ದರೆ ಬಿಡುವ ಜಾತಿಯಲ್ಲ ಅವಳು. ಶುಕ್ರವಾರ ಬಸ್ಸು ಹತ್ತಿ ಕೊಂಬೈಗೆ ಹೋದಳು. ಅಲ್ಲಿ ನಾಗಮ್ಮಾಳ್ ಇದ್ದಳು, ಮೂವತ್ತು ವರ್ಷ ಅವಳ ಪಕ್ಕದಲ್ಲಿ ಕೂತು ದನಿಗೂಡಿಸಿದವಳು. ಹಲ್ಲೆಲ್ಲ ಉದುರಿದ್ದರೂ ನೆನಪು ಗಟ್ಟಿ. ಕಾಫಿ ಕೊಟ್ಟಳು, ಆದರೆ ಹಾಡು ಕೊಡಲಿಲ್ಲ.

“ಆ ಪಾಟು ನಂಗೆ ಬ್ಯಾಡ. ಆವತ್ತು ನಿನ್ ತೊಡೆ ಚಿವುಟಿದ್ದೆ, ಗ್ಯಾಪ್ಕ ಇದ್ಯಾ? ನೀ ನಿಲ್ಲಿಸ್ಲಿಲ್ಲ.”

“ಯಾಕೆ ಚಿವುಟಿದ್ದೆ?”

“ಎದುರ್‌ಪಾಟಿಗೆ ಯಾರೂ ಇಲ್ದಿರೋ ಕಡೆ ಬಯ್ಗುಳ ಆಡಬಾರ್ದು ಅಂತ ನಿಂಗೆ ತಿಳೀದಾ? ನಿಮ್ಮವ್ವ ಕಲಿಸಿದ್ದೇ ಅದ್ನ ಮೊದ್ಲು.”

ತಿಳಿಯದೇ ಏನು. ಪಾಂಡೀಶ್ವರಿ ನಿಲಕ್ಕೋಟೈ ಕಡೆಯ ಹುಡುಗಿ, ತಾಯಿ ಇಲ್ಲದವಳು. ಅವಳ ಅಪ್ಪ ಮಲ್ಲಿಗೆ ತೋಟದವನು. ಮದುವೆಗೆ ಬಂದಿದ್ದು ಅಪ್ಪ, ಇಬ್ಬರು ಚಿಕ್ಕಪ್ಪಂದಿರು ಮತ್ತು ತಮಿಳು ಬಿಟ್ಟರೆ ಬೇರೆ ಬಾರದ ನಾಲ್ಕಾರು ನೆರೆಯ ಹೆಂಗಸರು. ಆ ಕಡೆಯವರು ನಮ್ಮ ಕನ್ನಡವನ್ನು ಮರೆತು ಎರಡು ತಲೆಮಾರಾಯಿತು, ಅರ್ಥವೇ ಆಗದ ಮೇಲೆ ಯಾರಿಗೇನು ನೋವು ಎಂದು ಪೊನ್ನುತಾಯಿ ಅವತ್ತು ಲೆಕ್ಕ ಹಾಕಿದ್ದಳು. ಹಾಡಿನ ಹುಮ್ಮಸ್ಸು ಬೇರೆ. ನಿಜಕ್ಕೂ ಆ ಹೆಂಗಸರು ಎಲ್ಲರ ಜೊತೆ ಸೇರಿ ನಕ್ಕಿದ್ದರು. ಇದನ್ನೇ ನಾಗಮ್ಮಾಳಿಗೆ ಹೇಳಿದಳು. ನಾಗಮ್ಮಾಳ್ ಲೋಟ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಮುದ್ದೆ, ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ. ಪೊನ್ನುತಾಯಿಗೆ ನಾಗಮ್ಮಾಳಿನ ಮಾತಿನಿಂದ ಒಳಗೆ ಏನೋ ಕೊರೆಯುತ್ತಿತ್ತು, ಆದರೆ ಚಟ ಬಿಡದು. ಆ ಎರಡು ಸಾಲನ್ನು ಗುನುಗಿದಳು:

“ಅಟ್ಟದ ಮಸಿ ತಂದು ಹೆಣ್ಣು ಅಂದರು,
ಪಟ್ಟೆ ಉಡಿಸಿ ಕೂರಿಸಿ ಸೊಸೆ ಅಂದರು…”

“ಆಮೇಲೇನೋ,” ಎಂದು ಹಣೆ ಒತ್ತಿಕೊಂಡಳು.

“ತೊಟ್ಟಿ ನೀರಲಿ ತಿಕ್ಕಿ ತೊಳೆದರು ಮೂರು ದಿನ,” ಎಂದಳು ಪಾಂಡೀಶ್ವರಿ. ಅವಳು ಗಂಡನ ತಟ್ಟೆಗೆ ಸಾರು ಬಿಡುತ್ತಿದ್ದಳು. ರಾಗ ಹಾಕಲಿಲ್ಲ, ಹಾಲಿನವನಿಗೆ ಲೀಟರು ಹೇಳುವಂತೆ ಹೇಳಿದಳು. “ತೊಟ್ಟಿ ಕಪ್ಪಾಯಿತು, ಹುಡುಗಿ ಹಾಗೇ ಉಳಿದಳು. ದೀಪ ಹಚ್ಚಿದರು ಮೊಗ ಕಾಣಲಿಲ್ಲ, ದೀಪವೇ ನಾಚಿ ಆರಿ ಹೋಯಿತು. ಹೆತ್ತವ್ವ ಮಗಳ ಮೊಗ ನೋಡಿದಳು, ಹೆದರಿ ಅಲ್ಲೇ ಕಣ್ಣು ಮುಚ್ಚಿದಳು.”

ಸೌಟನ್ನು ಸಾರಿನ ಪಾತ್ರೆಯಲ್ಲಿಟ್ಟಳು. “ಇನ್ನೂ ನಾಕ್ ಸಾಲು ಅದೆ, ಅತ್ತೆ. ಬೇಕಾ?”

ಹೆತ್ತವ್ವನ ಆ ಸಾಲು ಪೊನ್ನುತಾಯಿ ಆ ಚಪ್ಪರದಲ್ಲೇ, ಆ ಗಳಿಗೆಯಲ್ಲೇ ಕಟ್ಟಿದ್ದು. ಈಗ ಅದು ಅವಳಿಗೆ ನೆನಪಾಯಿತು. ಅದು ಬಾಯಿಂದ ಬಂದಾಗ ಆಗಿದ್ದ ಸಂತೋಷವೂ ನೆನಪಾಯಿತು. ಪಾಂಡೀಶ್ವರಿಯ ತಾಯಿ ಹೆರಿಗೆಯಲ್ಲಿ ಸತ್ತಿದ್ದಳು. ಆ ವಿಷಯ ಆಗಲೇ ಪೊನ್ನುತಾಯಿಗೆ ತಿಳಿದಿತ್ತು.

“ಆವತ್ತೇ ನಿಂಗೆ ನಮ್ಮಾತು ತಿಳೀತಿತ್ತಾ?” ಎಂದಳು, ದನಿ ಕುಗ್ಗಿ.

“ನಮ್ಮಪ್ಪ ನನ್ ಜೊತೆ ಅದ್ರಲ್ಲೇ ಮಾತಾಡ್ತಿದ್ದ. ಮನೇಲಿ ನಾವಿಬ್ರೇ. ಯಾರೂ ಕೇಳ್ಲಿಲ್ಲ, ನಾನೂ ಏಳ್ಲಿಲ್ಲ.” ಪಾಂಡೀಶ್ವರಿ ಮಗಳ ಕಡೆ ತಿರುಗಿದಳು. “ಇಪ್ಪತ್ತೊಂದ್ ವರ್ಸ ಆತು. ಇಟ್ಟು ಕಲಸ್ವಾಗ, ಕಸ ಗುಡಿಸ್ವಾಗ ತಾನಾಗೇ ಬತ್ತದೆ. ನೀ ಉಟ್ಟಿದ್ ದಿನ ನಿನ್ ಬಣ್ಣ ನೋಡಿ ನಾನು ಅತ್ಬಿಟ್ಟೆ. ಅದಕ್ಕೂ ಈ ಪಾಟೇ ಕಾರಣ. ಅದ್ಕೇ ಬ್ಯಾಡ ಅಂದಿದ್ದು.”

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ಪಾತ್ರೆ ಪಗಡೆಯ ಸದ್ದು ಬಿಟ್ಟರೆ ಬೇರೆ ಕೇಳಲಿಲ್ಲ. ಪೊನ್ನುತಾಯಿ ಯಾರೂ ಹೇಳದೆಯೇ ಹಿಟ್ಟು ರುಬ್ಬಲು ಕೂತರೆ ಪಾಂಡೀಶ್ವರಿ ಮೆಲ್ಲಗೆ ಬಂದು ಪಾತ್ರೆ ತೆಗೆದುಕೊಳ್ಳುತ್ತಿದ್ದಳು. ಮೂರನೇ ದಿನ ಮುದುಕಿ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದ ಸೊಸೆಯ ಎದುರು ನಿಂತು, “ತಪ್ಪಾಗೋತು, ತಾಯೀ,” ಎಂದಳು. “ಆಗೋತು, ಅತ್ತೆ,” ಎಂದು ಪಾಂಡೀಶ್ವರಿ ಸೀರೆಯ ಇನ್ನೊಂದು ತುದಿಯನ್ನು ಕೈಗೆ ಕೊಟ್ಟಳು. ಇಬ್ಬರೂ ಹಿಡಿದು ಒದರಿ ಹಗ್ಗಕ್ಕೆ ಹಾಕಿದರು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಕೇಳುವ ಧೈರ್ಯ ಪೊನ್ನುತಾಯಿಗೂ ಇರಲಿಲ್ಲ. ಅವಳಿಗೆ ತಿಳಿದದ್ದು ಒಂದೇ, ತಾನು ಇಷ್ಟು ದಿನ ಅಮೇರಿಕದವರ ಹಾಡಿನಲ್ಲಿ ಹುಡುಕಿದ ಉತ್ತರ ತನ್ನ ಅಡುಗೆಮನೆಯಲ್ಲೇ ಓಡಾಡುತ್ತಿತ್ತು.

ತೇನ್‌ಮೊಳಿಯೂ ಸುಮ್ಮನೆ ಕೂರಲಿಲ್ಲ. ಇಂಟರ್ನೆಟ್ಟಿನಿಂದ ಆ ನಾಲಿಗೆ ಕೊಯ್ಯುವ ಹಾಡನ್ನು ತೆಗೆದಳು. ಯಾರೂ ತೆಗೆ ಎಂದಿರಲಿಲ್ಲ. ನಾಲ್ಕು ದಿನ ನೋಟ್‌ಬುಕ್ಕಿನಲ್ಲಿ ಬರೆದಳು, ಹೊಡೆದಳು, ಬರೆದಳು.

ಭಾನುವಾರ ಬೆಳಿಗ್ಗೆ ಇಡ್ಲಿಯ ಹೊತ್ತಿಗೆ ಕಾರ್ತಿಕೇಯನ್ ಕಾಗದವನ್ನು ಮುಂದಿಟ್ಟುಕೊಂಡು ಕೂತ. ನಾಳೆ ಕೊಡಬೇಕು. “ಅವ್ವಾ, ಇವತ್ತೇ ಏಳ್ಬೇಕು. ಅಂಥಾ ಪಾಟು ಕೇಳೋದು ಕೆಟ್ಟದ್ದಾ, ಅಲ್ವಾ?”

“ನಾ ಏಳಾಕಾಗಲ್ಲ, ಮಗಾ. ನನ್ನ ಕೂರ್ಸಿದ್ದೇ ತಪ್ಪು,” ಎಂದಳು ಪೊನ್ನುತಾಯಿ. “ಪಾಟು ಕೊಯ್ತದಾ ಇಲ್ವಾ ಅಂತ ಆಡಿದೋಳ್ನ ಕೇಳಿದ್ರೆ ಎಂಗೆ? ನಿನ್ ಎಂಡ್ತೀನ ಕೇಳು.”

ಪಾಂಡೀಶ್ವರಿ ಚಟ್ನಿಯ ಕೈ ತೊಳೆದುಕೊಂಡು ಬಂದು ಬಾಗಿಲಿಗೆ ಒರಗಿದಳು. ದಿಂಡುಕ್ಕಲ್ಲಿನಲ್ಲಿ ಹಾಡಬೇಕೆಂದಿರುವುದನ್ನು ಹಾಡು ಎಂದಳು ಮಗಳಿಗೆ. ತೇನ್‌ಮೊಳಿ ಎದ್ದು ನಿಂತು, ಮೊದಲು ತಡವರಿಸಿ, ಆಮೇಲೆ ಬಿಡಿಸಿಕೊಂಡು ಹಾಡಿದಳು. ಅರ್ಧ ತಮಿಳು, ಅರ್ಧ ಮನೆಯ ಮಾತು. ಸಿಟ್ಟು ಹಾಗೇ ಇತ್ತು, ಕತ್ತಿ ಇರಲಿಲ್ಲ. ನೀನು ಮಡಕೆ ಅಂದೆ, ಆ ಮಡಕೆಯಲ್ಲೇ ನನ್ನವ್ವ ಬೇಯಿಸಿದ್ದನ್ನು ತಿಂದು ನಾನು ಇಷ್ಟೆತ್ತರ ಬೆಳೆದೆ, ಕತ್ತೆತ್ತಿ ನೋಡು ಎನ್ನುವಂಥ ಸಾಲುಗಳು. ಕಾರ್ತಿಕೇಯನ್ ಇಡ್ಲಿ ಮುರಿಯುವುದನ್ನು ಮರೆತ.

ಪಾಂಡೀಶ್ವರಿ ಚೆನ್ನಾಗಿದೆ ಎನ್ನಲಿಲ್ಲ. ಅವಳಿಗೆ ತಿಳಿಯಬೇಕಾದದ್ದು ಬೇರೆ ಇತ್ತು.

“ಆ ಮಣಿಮೇಗಲೈ ಬತ್ತಾಳಾ ಅಲ್ಲಿಗೆ?”

“ಬತ್ತಾಳೆ. ಡ್ಯಾನ್ಸ್‌ನಾಗೆ ಅವ್ಳೆ.”

“ಅವ್ಳ ಕಡೆ ಯಾರಿರ್ತಾರೆ?”

“ಅವರಮ್ಮ, ಅಕ್ಕ, ಎಲ್ರೂ ವ್ಯಾನ್ ಮಾಡ್ಕೊಂಡು ಬತ್ತಾರಂತೆ.”

“ನಿನ್ ಕಡೆ?”

ತೇನ್‌ಮೊಳಿ ತಲೆ ತಗ್ಗಿಸಿದಳು. ಸ್ಕೂಲಿನ ಕಾಲದಿಂದಲೂ ಅವಳ ಯಾವ ಕಾರ್ಯಕ್ರಮಕ್ಕೂ ಪಾಂಡೀಶ್ವರಿ ಹೋದವಳಲ್ಲ. ಜನರ ನಡುವೆ ಮೊದಲ ಸಾಲಿನಲ್ಲಿ ಕೂರುವುದೆಂದರೆ ಅವಳಿಗೆ ಆಗುತ್ತಿರಲಿಲ್ಲ. ಯಾಕೆ ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಎಲ್ಲವನ್ನೂ ಕೇಳುವ ಪೊನ್ನುತಾಯಿ ಕೂಡ.

“ಸೈನ್ ಆಕಿ,” ಎಂದಳು ಪಾಂಡೀಶ್ವರಿ ಗಂಡನಿಗೆ. “ನಾನೂ ಓಯ್ತೀನಿ. ಒಂಟಿಯಾಗಿ ನಿಲ್ಸೋದು ಬ್ಯಾಡ ಅವ್ಳ್ನ.”

ಕಾರ್ತಿಕೇಯನ್ ಪೆನ್ನು ಹುಡುಕಿಕೊಂಡು ಒಳಗೆ ಹೋದ. ತೇನ್‌ಮೊಳಿ ತಾಯಿಯನ್ನೇ ನೋಡುತ್ತಾ ನಿಂತಳು. ಪೊನ್ನುತಾಯಿ ತಟ್ಟೆಯಲ್ಲಿದ್ದ ಅರ್ಧ ಇಡ್ಲಿಯನ್ನು ಅತ್ತಿಂದಿತ್ತ ಸರಿಸಿದಳು. ಬಾಯಿಗೆ ಬಂದದ್ದನ್ನು ನುಂಗಿ, ಮತ್ತೆ ತಂದು, ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು.

“ನಾನೂ ಬರ್ಲಾ?”

ಪಾಂಡೀಶ್ವರಿ ಅತ್ತೆಯ ತಟ್ಟೆಗೆ ಒಂದು ಬಿಸಿ ಇಡ್ಲಿ ಹಾಕಿದಳು, ಮೇಲೆ ಚಟ್ನಿ ಬಿಟ್ಟಳು.

“ಬನ್ನಿ,” ಎಂದಳು. “ಆದ್ರೆ ಈ ಸಲ ನಮ್ ಕಡೆ ಕೂತ್ಕಬೇಕು.”